ಹುಷಾರಪ್ಪ ಕಟ್ಟೆ ಕೊಯ್ದದ್ದು

ಹುಷಾರಪ್ಪನ ನಿಜವಾದ ಹೆಸರು ಸರಕಾರಕ್ಕೂ ಅವನ ಹೆಂಡತಿಗೂ ಮಾತ್ರ ಗೊತ್ತಿತ್ತು. ಇಬ್ಬರೂ ಅದನ್ನು ಬಳಸುತ್ತಿದ್ದುದು ಅಪರೂಪ. ಮಿಕ್ಕವರಿಗೆಲ್ಲ ಅವನು ಹುಷಾರಪ್ಪ. ಕಟ್ಟಡದ ಕೆಲಸಕ್ಕೆ ಬೇಕಾದ ಯಂತ್ರಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಕೌಂಟರಿನ ಹಿಂದೆ ಹತ್ತೊಂಬತ್ತು ವರ್ಷ ಕೂತು, ಬಂದವರಿಗೆಲ್ಲ "ಹುಷಾರಪ್ಪಾ, ಹುಷಾರು" ಎಂದು ಹೇಳಿ ಹೇಳಿ, ಆ ಹೆಸರನ್ನು ಅವನು ಸ್ವಂತ ದುಡಿಮೆಯಿಂದ ಸಂಪಾದಿಸಿದ್ದ.

ಅಂಗಡಿಯಲ್ಲಿ ಏಣಿ, ನೀರೆತ್ತುವ ಪಂಪು, ಕಾಂಕ್ರೀಟು ಕಲಸುವ ಡ್ರಮ್ಮು ಮುಂತಾದ ಸಾಧು ಪ್ರಾಣಿಗಳೂ ಇದ್ದವು. ಅವುಗಳ ಬಗ್ಗೆ ಹುಷಾರಪ್ಪನಿಗೆ ವಿಶೇಷ ಗೌರವವಿರಲಿಲ್ಲ. ಅವನ ಭಯ ಭಕ್ತಿಯೆಲ್ಲ ಕಟರ್ ಮೇಲೆ. ಪೆಟ್ರೋಲಿನಲ್ಲಿ ಓಡುವ, ಎರಡೂ ಕೈಯಲ್ಲಿ ಹಿಡಿಯಬೇಕಾದ, ಊಟದ ತಟ್ಟೆಗಿಂತ ಅಗಲವಾದ ಬ್ಲೇಡಿನ ಗರಗಸ ಅದು. ಮರ ಕೊಯ್ಯುವ ಗರಗಸವಲ್ಲ, ಕಾಂಕ್ರೀಟು, ಕಲ್ಲು, ಕಬ್ಬಿಣದ ಸರಳು ಕೊಯ್ಯುವಂಥದ್ದು. ಅದನ್ನು ಬಾಡಿಗೆಗೆ ಒಯ್ಯುವವರು ಮೊದಲು ಹುಷಾರಪ್ಪನ ಮುಂದೆ ನಿಂತು ಹನ್ನೆರಡು ನಿಯಮ ಕೇಳಿ, ಕೆಳಗೆ ಸಹಿ ಹಾಕಬೇಕಿತ್ತು.

ಆ ನಿಯಮಗಳನ್ನು ಅವನು ಓದುತ್ತಿರಲಿಲ್ಲ, ಆಡಿ ತೋರಿಸುತ್ತಿದ್ದ. "ಬ್ಲೇಡಿನ ಮೇಲಿನ ಮೂತಿ ಗೋಡೆಗೆ ತಾಗಿಸಿದರೆ ಯಂತ್ರವು ಒದೆಯುತ್ತದೆ" ಎಂಬ ಎಂಟನೆಯ ನಿಯಮಕ್ಕೆ ಬಂದಾಗ ಸ್ವತಃ ಒದೆ ತಿಂದವನಂತೆ ಹಿಂದಕ್ಕೆ ಹಾರಿ ರ‍್ಯಾಕಿಗೆ ಬೆನ್ನು ಬಡಿಸಿಕೊಳ್ಳುತ್ತಿದ್ದ. ಒಮ್ಮೆ ಕಟರ್ ಕೇಳಲು ಬಂದ ದೊಡ್ಡ ಆಳೊಬ್ಬ ಹನ್ನೆರಡನೆಯ ನಿಯಮ ಮುಗಿಯುವ ಹೊತ್ತಿಗೆ ಬೆವೆತುಹೋಗಿ, ಉಳಿ ಸುತ್ತಿಗೆ ತೆಗೆದುಕೊಂಡು ಮನೆಗೆ ಹೋದ.

"ಅಲ್ಲಯ್ಯಾ, ನೀನು ಬಾಡಿಗೆಗೆ ಕೊಡೋಕೆ ಕೂತಿದೀಯೋ, ಬೇಡ ಅನ್ನಿಸೋಕೆ ಕೂತಿದೀಯೋ?" ಎಂದು ಅಂಗಡಿಯ ಯಜಮಾನ ಗೊಣಗುತ್ತಿದ್ದ. ಆದರೂ ಹತ್ತೊಂಬತ್ತು ವರ್ಷದಲ್ಲಿ ಆ ಅಂಗಡಿಯ ಯಂತ್ರದಿಂದ ಯಾರದೂ ಒಂದು ಬೆರಳು ಹೋಗಿರಲಿಲ್ಲ. ಅದಕ್ಕಾಗಿ ಯಜಮಾನ ಸಹಿಸಿಕೊಂಡಿದ್ದ.

ಇಷ್ಟಾದರೂ ಒಂದು ಸಂಗತಿ ಉಳಿಯಿತು. ಹುಷಾರಪ್ಪ ಕಟರನ್ನು ಒಂದು ದಿನವೂ ಚಾಲೂ ಮಾಡಿರಲಿಲ್ಲ. ನೀನು ಓಡಿಸಿದ್ದೀಯಾ ಎಂದು ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳದೆ ಇದ್ದರೆ ಅದು ಸುಳ್ಳಾಗುವುದಿಲ್ಲ ಎಂಬುದು ಅವನ ವಾದ. ವಾದವೇನೋ ಗಟ್ಟಿಯಾಗಿಯೇ ಇತ್ತು. ಅದರ ಮೇಲೆ ಅವನು ಹತ್ತೊಂಬತ್ತು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದ.

ಅವನ ಮನೆಯಿಂದ ಎರಡು ಬಾಗಿಲು ಆಚೆಗೆ ಅಕ್ಕನ ಮನೆ. ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಮ್ಮನ ಶಾಲೆಯ ಚಡ್ಡಿಯಿಂದ ಹಿಡಿದು ಮದುವೆಯ ಅಂಗಿಯ ತನಕ ಹೊಲಿದುಕೊಟ್ಟವಳು. ಅಕ್ಕನದೂ ಎದುರುಮನೆಯ ಕತ್ತರಿಯಮ್ಮನದೂ ಸೇರಿ ಒಂದು ಹೊಲಿಗೆ ಅಂಗಡಿ ಇತ್ತು. ಆಕೆ ಬಟ್ಟೆ ಕತ್ತರಿಸುತ್ತಿದ್ದಳು, ಅಕ್ಕ ಹೊಲಿಯುತ್ತಿದ್ದಳು, ಮೂವತ್ತೊಂದು ವರ್ಷ. ಈಗ ಅಕ್ಕನ ಎರಡೂ ಮೊಣಕಾಲು ಮುಷ್ಕರ ಹೂಡಿದ್ದವು. ಕತ್ತರಿಯಮ್ಮನಂತೂ ಹಾಸಿಗೆ ಹಿಡಿದಿದ್ದಳು. ಅವಳ ಮಂಚವನ್ನು ಬೀದಿಯ ಕಿಟಕಿಗೆ ಒತ್ತಿ ಹಾಕಿದ್ದರು. ದಿನಾ ಬೆಳಿಗ್ಗೆ ಈ ಕಿಟಕಿಯಿಂದ ಒಂದು ಕೈ, ಆ ಕಿಟಕಿಯಿಂದ ಒಂದು ಕೈ ಮೇಲೇಳುತ್ತಿತ್ತು. ವಾರಕ್ಕೆರಡು ಸಲ ಅಕ್ಕ ಗೋಡೆ ಹಿಡಿದು, ಬೀದಿ ದಾಟಿ, ಆ ಮಂಚದ ಪಕ್ಕ ಹೋಗಿ ಕೂರುತ್ತಿದ್ದಳು.

ಅಷ್ಟರಲ್ಲಿ ನಗರಸಭೆಯವರು ರಸ್ತೆ ರಿಪೇರಿಗೆ ಬಂದರು. ಹಳೆಯ ರಸ್ತೆಯನ್ನು ಕೆರೆದು ಕೆರೆದು ತೆಗೆದು, ಹೊಸದನ್ನು ಒಂದೂವರೆ ಅಡಿ ತಗ್ಗಿನಲ್ಲಿ ಹಾಸಿ, ಕೈ ತೊಳೆದುಕೊಂಡು ಹೋದರು. ರಸ್ತೆ ಕೆಳಗೆ ಹೋಯಿತು, ಅಕ್ಕನ ಬಾಗಿಲು ಮೇಲೆ ಉಳಿಯಿತು. ಎದುರುಸಾಲು ಮೊದಲೇ ತಗ್ಗಿನಲ್ಲಿದ್ದು ಬಚಾವಾಯಿತು. ಬಾಗಿಲ ಮುಂದಿನ ಕಾಂಕ್ರೀಟು ಕಟ್ಟೆ, ಇಷ್ಟು ದಿನ ಒಂದು ಮೆಟ್ಟಿಲಿನಷ್ಟಿದ್ದದ್ದು, ಈಗ ತೊಡೆಯೆತ್ತರಕ್ಕೆ ಬಂದು ನಿಂತಿತು. ರಸ್ತೆಯ ಕಡೆಗೆ ಮೆಟ್ಟಿಲು ಕಟ್ಟುವ ಹಾಗಿಲ್ಲ ಎಂದು ನಗರಸಭೆಯ ಕಟ್ಟಪ್ಪಣೆ. ಅಕ್ಕನ ಮನೆಗೆ ಹಿತ್ತಲ ಬಾಗಿಲಿಲ್ಲ, ಇಳಿಯಬೇಕೆಂದರೆ ಕಟ್ಟೆಯನ್ನೇ ಒಳಕ್ಕೆ ಕೊಯ್ದು ಮೆಟ್ಟಿಲು ಮಾಡಬೇಕು.

"ಎತ್ತಿಕೊಂಡು ಇಳಿಸ್ತೀವಿ ಅಕ್ಕಾ" ಎಂದವರಿಗೆ "ನಾನೇನು ಸಿಮೆಂಟ್ ಮೂಟೆನಾ?" ಎಂದು ಅಕ್ಕ ಗದರಿದಳು. ಫೋನಿನಲ್ಲಿ ಮಾತಾಡಬಾರದೇ ಎಂದರೆ ಕತ್ತರಿಯಮ್ಮನ ಕಿವಿ ಮಂದ. ಅವಳ ಸೊಸೆ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿಯುತ್ತಿದ್ದಳು.

"ಅವಳ ಹತ್ರ ಒಂದು ಮಾತಿದೆ ಕಣೋ" ಎಂದು ಅಕ್ಕ ತಮ್ಮನಿಗೆ ಹೇಳಿದಳು. "ಕೂಗಿ ಹೇಳೋ ಮಾತಲ್ಲ. ಸೊಸೆ ಕಿವಿಗೆ ಬೀಳೋ ಮಾತೂ ಅಲ್ಲ. ಹತ್ರ ಕೂತು ಹೇಳ್ಬೇಕು."

ಒಂದು ಸಂಜೆ ಹುಷಾರಪ್ಪ ಕೆಲಸದಿಂದ ಬರುವಾಗ ಅಕ್ಕನ ಕಟ್ಟೆಯ ಮುಂದೆ ಸಣ್ಣ ಸಭೆ ಸೇರಿತ್ತು. ಪಕ್ಕದಮನೆಯ ಬಡಗಿ, ಅವನ ಹೆಂಡತಿ, ಬೀದಿಯ ಕೊನೆಯಲ್ಲಿರುವ ಗಾರೆ ಮೇಸ್ತ್ರಿ, ಜೊತೆಗೆ ಎಲ್ಲ ಸಭೆಗಳಲ್ಲೂ ಇರುವಂತೆ ಕೆಲಸವಿಲ್ಲದ ನಾಲ್ಕು ಜನ.

"ಇಷ್ಟಕ್ಕೆ ಯಾಕೆ ಚಿಂತೆ ಅಕ್ಕಾ?" ಎಂದ ಬಡಗಿ. "ನಾಳೆ ಸಂಜೆಯೊಳಗೆ ಮರದ ಮೆಟ್ಟಿಲು ಬಡಿದು ತಂದಿಡ್ತೀನಿ. ಬೇಕಾದಾಗ ಇಡೋದು, ಬೇಡವಾದಾಗ ಒಳಗೆ ತಗೊಳ್ಳೋದು."

"ಮರ ಯಾಕೆ? ಕಟರ್ ತಂದು ಅರ್ಧ ಗಂಟೇಲಿ ಕೊಯ್ದು ಕೊಡ್ತೀನಿ" ಎಂದ ಮೇಸ್ತ್ರಿ.

ಇಲ್ಲಿ ಹುಷಾರಪ್ಪ ಊಟದ ಡಬ್ಬಿ ಹಿಡಿದುಕೊಂಡು ಸುಮ್ಮನೆ ಮನೆಗೆ ಹೋಗಿಬಿಟ್ಟಿದ್ದರೆ ನಮಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಅವನಿಗೂ ಅದೇ ಒಳ್ಳೆಯದಾಗುತ್ತಿತ್ತು. ಆದರೆ ಕಟರ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಅವನ ಕಾಲು ಮುಂದಕ್ಕೆ ಹೋಗಲಿಲ್ಲ.

"ಮರದ ಮೆಟ್ಟಿಲಾ? ಅಲುಗಾಡುತ್ತೆ, ಜಾರುತ್ತೆ, ಒಂದು ದಿನ ಅಕ್ಕನ ಸೊಂಟ ಮುರಿಯುತ್ತೆ" ಎಂದು ಬಡಗಿಯನ್ನು ಮುಗಿಸಿದ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದ. "ನೀನು ಕನ್ನಡಕ ಹಾಕ್ತೀಯಾ? ಮಾಸ್ಕು? ಕೊಯ್ಯುವಾಗ ನೀರು ಬಿಡ್ತೀಯಾ? ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ, ಗೊತ್ತಾ? ಬ್ಲೇಡು ಕಾಂಕ್ರೀಟಿಂದೋ ಕಬ್ಬಿಣದ್ದೋ ಅಂತ ನೋಡ್ತೀಯಾ? ಬಗ್ಗಿಸ್ದೆ ನೇರ ಹಿಡೀತೀಯಾ?"

ಮೇಸ್ತ್ರಿಗೆ ಆ ದಿನ ಬೆಳಿಗ್ಗೆಯಷ್ಟೇ ಅಂಗಡಿಯಲ್ಲಿ ಇದೇ ಹನ್ನೆರಡೂ ಆಗಿತ್ತು. ಅವನಿಗೆ ರೇಗಿತು. "ಇಷ್ಟೆಲ್ಲ ಗೊತ್ತಿರೋರು ನೀವೇ ಕೊಯ್ಕೊಡಿ ಸಾರ್. ನಾವು ನೋಡಿ ಕಲಿತೀವಿ."

ಬೀದಿ ಹುಷಾರಪ್ಪನನ್ನೇ ನೋಡಿತು. ಗೊತ್ತಿಲ್ಲ ಎಂಬ ಮೂರಕ್ಷರ ಹೇಳಲು ಯಾವ ಯಂತ್ರವೂ ಬೇಕಾಗಿರಲಿಲ್ಲ.

"ಅದಕ್ಕೇನಂತೆ? ನಾನೇ ಕೊಯ್ತೀನಿ. ಈ ಭಾನುವಾರ" ಎಂದ ಹುಷಾರಪ್ಪ.

ಅಕ್ಕ ತಮ್ಮನನ್ನು ಅಡಿಯಿಂದ ಮುಡಿಯ ತನಕ ನೋಡಿ, ಬಡಗಿಗೆ ಹೇಳಿದಳು. "ಮೆಟ್ಟಿಲು ಬೇಡಪ್ಪ. ನಮ್ಮ ತಮ್ಮ ಮಾಡ್ತಾನೆ."

ಭಾನುವಾರ ಬಂತು. ಹುಷಾರಪ್ಪ ಯಜಮಾನನನ್ನು ಕೇಳಿ ಕಟರ್ ತಂದ. ತನ್ನ ಮುಂದೆ ತಾನೇ ಹನ್ನೆರಡು ನಿಯಮ ಓದಿಕೊಂಡು, ಸಹಿಯನ್ನೂ ಹಾಕಿಕೊಂಡಿದ್ದ. ಹೆಲ್ಮೆಟ್ಟು, ದಪ್ಪ ಕನ್ನಡಕ, ಮಾಸ್ಕು, ಕಿವಿಗೆ ಎರಡು ಬಟ್ಟಲಿನಂಥ ಕಿವಿಮುಚ್ಚಿ, ಮೊಣಕೈ ತನಕ ಗ್ಲೌಸು, ಮೊಣಕಾಲ ತನಕ ಬೂಟು ಹಾಕಿಕೊಂಡು ಅವನು ಕೋಣೆಯಿಂದ ಹೊರಗೆ ಬಂದಾಗ ಹೆಂಡತಿ ಕೈಯಲ್ಲಿದ್ದ ಪಾತ್ರೆ ಬೀಳಿಸಿದಳು.

"ರೀ, ಒಳಗಿರೋದು ನೀವೇ ತಾನೆ?"

ಬೀದಿಯವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಹುಷಾರಪ್ಪ ಕಟ್ಟೆಯ ಮೇಲೆ ಅಳತೆ ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗೆರೆ ಎಷ್ಟು ನೇರವಿತ್ತೆಂದರೆ ಮೇಸ್ತ್ರಿಯೂ ತಲೆದೂಗಿದ. ನೀರಿನ ಪೈಪು ಯಂತ್ರಕ್ಕೆ ಜೋಡಿಸಿದ. ಬ್ಲೇಡಿನಲ್ಲಿ ಬಿರುಕಿದೆಯೇ ಎಂದು ಸುತ್ತ ತಿರುಗಿಸಿ ನೋಡಿದ. ಬ್ಲೇಡಿನ ಮೇಲಿನ ಗಾರ್ಡು ಸರಿಯಾಗಿದೆಯೇ ಎಂದು ಅಲ್ಲಾಡಿಸಿದ. ನಾಲ್ಕನೆಯ ನಿಯಮದ ಪ್ರಕಾರ ಯಂತ್ರವನ್ನು ಸಮತಟ್ಟಾದ ನೆಲದ ಮೇಲಿಟ್ಟ. ಐದನೆಯ ನಿಯಮವನ್ನು ನೆನೆದ. "ಯಂತ್ರವು ಚಾಲೂ ಆದ ನಂತರ ಬ್ಲೇಡು ಪೂರ್ತಿ ವೇಗಕ್ಕೆ ಬರುವವರೆಗೂ ಕಾಯತಕ್ಕದ್ದು."

ಆಗ ಹುಷಾರಪ್ಪನಿಗೆ ಹತ್ತೊಂಬತ್ತು ವರ್ಷದಲ್ಲಿ ಹೊಳೆಯದ್ದು ಹೊಳೆಯಿತು. ನಾಲ್ಕನೆಯ ನಿಯಮದಲ್ಲಿ ಯಂತ್ರ ಸುಮ್ಮನೆ ಕೂತಿದೆ. ಐದರಲ್ಲಿ ಚಾಲೂ ಆಗಿಬಿಟ್ಟಿದೆ. ಚಾಲೂ ಮಾಡಿದ್ದು ಯಾರು, ಹೇಗೆ ಎಂಬ ಬಗ್ಗೆ ನಿಯಮಗಳು ಒಂದು ಮಾತನ್ನೂ ಆಡಿರಲಿಲ್ಲ.

ಯಂತ್ರದ ಮೇಲೆ ಒಂದು ಗುಂಡಿ, ಒಂದು ಸ್ವಿಚ್ಚು, ಹೊರಕ್ಕೆ ಎಳೆಯುವಂಥ ಒಂದು ತುಂಡು, ಒಂದು ಹಗ್ಗದ ಹಿಡಿ ಇದ್ದವು. ಹಗ್ಗ ಎಳೆಯಬೇಕೆಂದು ಮಾತ್ರ ಅವನು ದೂರದಿಂದ ಕಂಡಿದ್ದ. ಎಳೆದ. ಯಂತ್ರ ಕೆಮ್ಮಿತು. ಮತ್ತೆ ಎಳೆದ. ಬಾಲ್ಕನಿಯ ಮೇಲಿಂದ ಯಾರೋ ಎಣಿಸತೊಡಗಿದರು. ಇಪ್ಪತ್ತೆರಡರ ತನಕ ಎಣಿಕೆ ಹೋಯಿತು. ಮೇಸ್ತ್ರಿ ಏನೋ ಹೇಳಲು ಎದ್ದುನಿಂತ. ಅವನು ಬಾಯಿ ತೆರೆಯುವ ಮೊದಲೇ ಹುಷಾರಪ್ಪ ಸೆಟೆದು ನಿಂತು ಕೈ ಮೇಲೆತ್ತಿದ.

"ನಿಯಮ ಏಳು!" ಎಂದು ಕೂಗಿದ. "ಕೊಯ್ಯುವ ಜಾಗದ ಒಳಗೆ ವಿದ್ಯುತ್ ತಂತಿ, ನೀರಿನ ಪೈಪು ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಈಗ ನೆನಪಾಯ್ತು. ಅದಕ್ಕೇ ನಿಲ್ಲಿಸಿದೀನಿ!"

ಶುರುವೇ ಆಗದ್ದನ್ನು ಅವನು ನಿಲ್ಲಿಸಿದ್ದು ಯಾರ ಗಮನಕ್ಕೂ ಬರಲಿಲ್ಲ. ಜನ ಮೆಚ್ಚಿಕೊಂಡರು. "ನೋಡಿ, ಜವಾಬ್ದಾರಿ ಅಂದ್ರೆ ಇದು" ಎಂದು ಕುರ್ಚಿಗಳನ್ನು ಎತ್ತಿಕೊಂಡು ಹೋದರು.

ಮಾತಿಗೆ ಕಟ್ಟುಬಿದ್ದು ಹುಷಾರಪ್ಪ ಮೂರು ಇಲಾಖೆಗೆ ಅರ್ಜಿ ಬರೆದ. ಇಲಾಖೆಗಳು ಉತ್ತರ ಕೊಡುವುದಿಲ್ಲ, ಅಷ್ಟರಲ್ಲಿ ಬೀದಿಯವರು ಮರೆತುಬಿಡುತ್ತಾರೆ ಎಂಬುದು ಲೆಕ್ಕಾಚಾರ. ದುರದೃಷ್ಟಕ್ಕೆ ಮೂರೂ ಇಲಾಖೆಯವರು ಬಂದರು. ನೀರಿನವರು ಕಟ್ಟೆಯ ಮೇಲೆ ನೀಲಿ ಗೆರೆ ಬಳಿದರು. ವಿದ್ಯುತ್ತಿನವರು ಕೆಂಪು ಗೆರೆ, ಟೆಲಿಫೋನಿನವರು ಹಳದಿ. ಕಟ್ಟೆಯೊಳಗೆ ಯಾರದೂ ಏನೂ ಇರಲಿಲ್ಲ. ಬಂದದ್ದಕ್ಕೆ ಗುರುತು ಬೇಕಲ್ಲ ಎಂದು ಬಳಿದು ಹೋದರು.

ನೀರಿನ ಇಲಾಖೆಯ ಎಂಜಿನಿಯರಂತೂ ಹುಷಾರಪ್ಪನ ಕೈ ಹಿಡಿದು ಬಿಡಲೇ ಇಲ್ಲ. "ನನ್ನ ಸರ್ವಿಸಿನಲ್ಲಿ ಪೈಪ್ ಒಡೆಯೋಕೆ ಮುಂಚೆ ಬಂದು ಕೇಳಿದ ಮನುಷ್ಯ ಅಂದ್ರೆ ನೀವೊಬ್ರೇ. ಮಿಕ್ಕವರೆಲ್ಲ ಒಡೆದು ಆದ ಮೇಲೆ ಒದ್ದೆ ಬಟ್ಟೇಲಿ ಬರ್ತಾರೆ. ನಮ್ಮ ಕೆಲಸಗಾರರಿಗೆ ಒಂದು ಭಾಷಣ ಮಾಡ್ಬೇಕು ನೀವು."

ಮಾಡಲ್ಲ ಎನ್ನಲು ಅವನ ನಾಲಿಗೆಗೆ ಅಭ್ಯಾಸ ತಪ್ಪಿತ್ತು. ಇಲಾಖೆಯ ಷೆಡ್ಡಿನಲ್ಲಿ ಅರವತ್ತು ಕೆಲಸಗಾರರ ಮುಂದೆ ಒಂದು ಗಂಟೆ ಮಾತಾಡಿದ. ಎಂಟನೆಯ ನಿಯಮಕ್ಕೆ ಹಾರಿದ ರಭಸಕ್ಕೆ ಕಪ್ಪುಹಲಗೆ ಕೆಳಗೆ ಬಿತ್ತು. ಕೊನೆಗೆ ಒಬ್ಬ ಎದ್ದು ಕೇಳಿದ. "ಸಾರ್, ಮೆಷಿನ್ನು ಕೆಲವು ಸಲ ಎಷ್ಟು ಎಳೆದ್ರೂ ಸ್ಟಾರ್ಟೇ ಆಗಲ್ಲ. ಆಗ ಏನ್ ಮಾಡ್ಬೇಕು?"

ಹುಷಾರಪ್ಪ ಕಪ್ಪುಹಲಗೆಯನ್ನು ಎತ್ತಿ ನಿಲ್ಲಿಸಿದ. "ತಾಳ್ಮೆ" ಎಂದ. "ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲು ಮನುಷ್ಯ ಶಾಂತನಾಗ್ಬೇಕು."

ಚಪ್ಪಾಳೆ ಬಿತ್ತು. ಇಬ್ಬರು ಅದನ್ನು ಬರೆದುಕೊಂಡರು.

ಅಂಗಡಿಯ ಮೆಕ್ಯಾನಿಕ್ಕನನ್ನು ಗುಟ್ಟಾಗಿ ಕೇಳಿಬಿಡೋಣ ಎಂದು ಅವನು ಮಾರನೆಯ ದಿನ ಹಿಂಬದಿಯ ಷೆಡ್ಡಿಗೆ ಹೋದ. ಮೆಕ್ಯಾನಿಕ್ಕು ಎಣ್ಣೆಗೈಯನ್ನು ಒರೆಸಿಕೊಂಡು ಎದ್ದುನಿಂತ. "ಏನ್ ಭಾಷಣ ಅಂತೆ ಸಾರ್! ನನ್ನ ಭಾವ ಇದ್ದ ಅಲ್ಲಿ. ನಿಮ್ಮಷ್ಟು ಗೊತ್ತಿರೋರು ಈ ಊರಲ್ಲೇ ಇಲ್ಲವಂತೆ." ಹುಷಾರಪ್ಪ ಒಂದು ಸ್ಪ್ಯಾನರು ಕೇಳಿ ತೆಗೆದುಕೊಂಡು ವಾಪಸ್ಸು ಬಂದ. ಅದು ಅವನಿಗೆ ಯಾತಕ್ಕೂ ಬೇಕಿರಲಿಲ್ಲ.

ಹೀಗೆ ಆರು ವಾರ ಕಳೆಯಿತು. ಒಂದು ದಿನ ಬಡಗಿ ತಡೆಯಲಾರದೆ ಮರದ ಮೆಟ್ಟಿಲು ಮಾಡಿಯೇ ತಂದ. ಒಳ್ಳೆಯ ಮೆಟ್ಟಿಲು, ಪಕ್ಕಕ್ಕೆ ಹಿಡಿದುಕೊಳ್ಳಲು ಕಟಕಟೆ ಬೇರೆ. ಆ ಹೊತ್ತಿಗೆ ಹುಷಾರಪ್ಪ ಅಲ್ಲೇ ಇದ್ದ. "ಮೂರು ಇಲಾಖೆ ಗುರುತು ಹಾಕಿರೋ ಜಾಗದ ಮುಂದೆ ಇದನ್ನಿಟ್ರೆ ನಾಳೆ ಉತ್ತರ ಕೊಡೋರು ಯಾರಪ್ಪ?" ಎಂದ. ಬಡಗಿ ಅಕ್ಕನ ಮುಖ ನೋಡಿದ. ಅಕ್ಕ ತಮ್ಮನ ಮುಖ ನೋಡಿ, "ತಗೊಂಡು ಹೋಗಪ್ಪ, ಬೇಜಾರು ಮಾಡ್ಕೋಬೇಡ" ಎಂದಳು. ಮನೆಗೆ ವಾಪಸ್ಸಾದ ಮೆಟ್ಟಿಲಿನ ಮೇಲೆ ಬಡಗಿಯ ಹೆಂಡತಿ ಹೂವಿನ ಕುಂಡ ಇಟ್ಟಳು.

ಎದುರು ಕಿಟಕಿಯ ಕೈ ಮೊದಲು ತಲೆಯ ತನಕ ಏಳುತ್ತಿತ್ತು. ಆಮೇಲೆ ಭುಜದ ತನಕ. ಒಂದು ಬೆಳಿಗ್ಗೆ ಅಕ್ಕ ತಮ್ಮನನ್ನು ಕರೆಸಿದಳು. "ಇವತ್ತು ಬರೀ ಬೆರಳು ಕಾಣಿಸ್ತು ಕಣೋ, ಕಿಟಕಿ ಕಂಬಿ ಹತ್ರ. ಇನ್ನೂ ಎಷ್ಟು ದಿನ?"

"ಈ ಭಾನುವಾರ ಅಕ್ಕಾ. ಸತ್ಯವಾಗ್ಲೂ."

ಆಗಲಾದರೂ ಹೇಳಬಹುದಿತ್ತು. ಮೇಸ್ತ್ರಿಯ ಮನೆ ಹತ್ತು ಬಾಗಿಲ ಆಚೆ ಇತ್ತು.

ಆ ಭಾನುವಾರದಂಥ ಏರ್ಪಾಟು ಹಿಂದೆಂದೂ ಆಗಿರಲಿಲ್ಲ. ಹುಷಾರಪ್ಪ ಬೀದಿಯ ಎರಡೂ ಕೊನೆಗೆ ಹಗ್ಗ ಕಟ್ಟಿ ಕೆಂಪು ಬಟ್ಟೆ ತೂಗಿಬಿಟ್ಟ. "ಅಪಾಯ, ಹದಿನೈದು ಮೀಟರು ದೂರವಿರಿ" ಎಂದು ರಟ್ಟಿನ ಮೇಲೆ ಬರೆದ. ಎಂಜಿನಿಯರು ಸಕುಟುಂಬ ಬಂದಿದ್ದ. ಅಕ್ಕ ಕಿಟಕಿಯಲ್ಲಿ ಕೂತು ನೋಡುತ್ತೇನೆಂದಳು. "ಚೂರು ಹಾರಿ ಕಣ್ಣಿಗೆ ಬಿದ್ರೆ? ಸದ್ದಿಗೆ ಕಿವಿ ಹೋದ್ರೆ?" ಎಂದು ಹುಷಾರಪ್ಪ ಅವಳನ್ನು ಹಿಂಬದಿಯ ಕೋಣೆಗೆ ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ, ತನ್ನ ಕೈಯಾರೆ ಎರಡೂ ಕಿವಿಗೆ ಹತ್ತಿ ತುಂಬಿ, ಮೇಲೊಂದು ಟವೆಲ್ಲು ಕಟ್ಟಿದ. "ನಾನು ಬಂದು ಬಿಚ್ಚೋ ತನಕ ಏಳ್ಬೇಡ."

ಅವನು ಹೆಲ್ಮೆಟ್ಟು ಏರಿಸಿ ಯಂತ್ರದ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಒಂದು ಬಿಳಿ ವ್ಯಾನು ಬೀದಿಯ ಬಾಯಿಗೆ ಬಂದು ಹಾರನ್ ಹೊಡೆಯಿತು. ಹುಷಾರಪ್ಪ ಗ್ಲೌಸಿನ ಕೈ ಎತ್ತಿಕೊಂಡು ಹೋದ.

"ಸಾರ್, ಐದೇ ನಿಮಿಷ. ಎದುರುಮನೆಯ ಅಮ್ಮನ್ನ ಕರ್ಕೊಂಡು ಹೋಗ್ಬೇಕು" ಎಂದ ಡ್ರೈವರ್.

ಕಿವಿಮುಚ್ಚಿಯ ಒಳಗೂ ಆ ಮಾತು ಬಂತು. ಮಂದವಾಗಿ ಬಂತು, ಆದರೆ ಬಂತು. ಹುಷಾರಪ್ಪ ಹಿಂದೆ ತಿರುಗಿ ನೋಡಿದ. ಎಂಜಿನಿಯರು, ಅವನ ಹೆಂಡತಿ, ಕುರ್ಚಿಗಳ ಮೇಲಿನ ಅರ್ಧ ಊರು, ಎಲ್ಲರೂ ನೋಡುತ್ತಿದ್ದರು. ಈಗ ಹಗ್ಗ ಬಿಚ್ಚಿದರೆ ನಿಯಮಕ್ಕೆ ಬೆಲೆ ಏನು ಎನಿಸಿತು. ಎದುರುಮನೆಯಾಕೆ ಡಾಕ್ಟರಲ್ಲಿಗೆ ಹೋಗಿ ಸಂಜೆ ಬರುತ್ತಾಳೆ ಎಂದೂ ಅನಿಸಿತು. ಅನಿಸಿತೋ, ಅನಿಸಿಕೊಂಡನೋ, ಅದು ಅವನಿಗೇ ಗೊತ್ತು.

"ಯಾರೇ ಆಗ್ಲಿ, ಹದಿನೈದು ಮೀಟರ್! ಹಿಂದಿನ ಗಲ್ಲಿಗೆ ತಗೊಂಡು ಹೋಗಿ!"

ವ್ಯಾನು ಹಿಂದಕ್ಕೆ ಸರಿಯಿತು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಹುಷಾರಪ್ಪ ಹಗ್ಗ ಎಳೆದ. ಎಳೆಯುತ್ತಲೇ ಹೋದ. ನಡುನಡುವೆ ನಿಂತು, ಕಂಡವರ ಸಮಾಧಾನಕ್ಕೆ ಬ್ಲೇಡನ್ನು ಗಂಭೀರವಾಗಿ ಪರೀಕ್ಷಿಸಿದ. ಎಣಿಕೆ ನಲವತ್ತು ದಾಟಿತು. ಎಂಜಿನಿಯರನ ಹೆಂಡತಿ ಗಡಿಯಾರ ನೋಡಿಕೊಂಡಳು. ಆಗ ಮೇಸ್ತ್ರಿ ಹಗ್ಗದಡಿ ನುಸುಳಿ ಬಂದು, ಜನಕ್ಕೆ ಬೆನ್ನು ಮಾಡಿ ಬಗ್ಗಿ, ಅವನ ಒಂದು ಕಿವಿಮುಚ್ಚಿ ಎತ್ತಿ ಪಿಸುಗುಟ್ಟಿದ.

"ಸಾರ್, ಸ್ವಿಚ್ಚು ಆಫ್ ಇದೆ."

ಅವನೇ ಸ್ವಿಚ್ಚು ಹಾಕಿದ. ಹೊರಕ್ಕೆ ಎಳೆಯುವ ತುಂಡನ್ನು, ಅಂದರೆ ಚೋಕನ್ನು, ಎಳೆದ. ಹಿಂಬದಿಯ ಹಿಡಿಯನ್ನು ಬೂಟಿನಿಂದ ಒತ್ತಿ ಹಿಡಿದು ಹಗ್ಗ ಎಳೆದ. ಒಂದು, ಎರಡು. ಯಂತ್ರ ಗುಡುಗಿತು. ಹುಷಾರಪ್ಪನ ಕೈಗೆ ಕೊಟ್ಟ. ಕೈಗೆ ಬಂದ ಕೂಡಲೇ ಹನ್ನೆರಡೂ ನಿಯಮಗಳು ಹುಷಾರಪ್ಪನ ತಲೆಯಿಂದ ಗುಬ್ಬಿಗಳಂತೆ ಹಾರಿಹೋದವು. ಅವನು ಕಣ್ಣು ಮುಚ್ಚಿಕೊಂಡ.

ಮೇಸ್ತ್ರಿ ಮೆಲ್ಲಗೆ ಯಂತ್ರ ವಾಪಸ್ಸು ತೆಗೆದುಕೊಂಡ. ಹುಷಾರಪ್ಪನ ಕನ್ನಡಕ, ಮಾಸ್ಕು, ಕಿವಿಮುಚ್ಚಿ ತಾನು ಹಾಕಿಕೊಂಡ. "ನೀವು ಪಕ್ಕದಲ್ಲಿ ನಿಂತು ಕೈ ತೋರಿಸ್ತಾ ಇರಿ ಸಾರ್, ನಾನು ಕೊಯ್ತೀನಿ" ಎಂದ. ಮೂರು ಕಾಸಿನ ಸೇಡು ತೀರಿಸಿಕೊಳ್ಳಬಹುದಾದ ಹೊತ್ತಿನಲ್ಲಿ ಆ ಮನುಷ್ಯ ಅಷ್ಟು ಮರ್ಯಾದೆ ಉಳಿಸಿದ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನಿಯಮಗಳು ಒಂದೂ ತಪ್ಪಿರಲಿಲ್ಲ. ಮೇಸ್ತ್ರಿ ಬ್ಲೇಡು ಪೂರ್ತಿ ವೇಗಕ್ಕೆ ಬರುವ ತನಕ ಕಾದು, ಕಾಲು ಅಗಲಿಸಿ ನಿಂತು, ಮೈಯನ್ನು ಬ್ಲೇಡಿನ ಸಾಲಿನಿಂದ ಪಕ್ಕಕ್ಕೆ ಇಟ್ಟುಕೊಂಡು, ಮೊದಲು ಗೆರೆಯುದ್ದಕ್ಕೂ ಬೆರಳಷ್ಟು ಆಳ ಮಾತ್ರ ಎಳೆದ. ಆಮೇಲೆ ಅದೇ ಗೀರಿನಲ್ಲಿ ಇನ್ನಷ್ಟು, ಮತ್ತಷ್ಟು. ಒತ್ತಲಿಲ್ಲ, ತಿರುಚಲಿಲ್ಲ, ಯಂತ್ರದ ಭಾರಕ್ಕೇ ಬಿಟ್ಟ. ನೀರು ಹರಿದು ಧೂಳೆಲ್ಲ ಬೂದು ಕೆಸರಾಗಿ ಇಳಿಯಿತು. ಕೊನೆಗೆ ಯಂತ್ರ ಆರಿಸಿ, ಉಳಿ ಹಾಕಿ ನಾಲ್ಕು ಏಟು ಕೊಟ್ಟ. ಕಟ್ಟೆಯ ತುಂಡು ಕಳಚಿ ಬಂತು. ಉಜ್ಜಿ ನಯಮಾಡಿದ್ದೂ ಸೇರಿ ಒಟ್ಟು ಮೂವತ್ತೈದು ನಿಮಿಷ. ಎಂಜಿನಿಯರು ಓಡಿಬಂದು ಹುಷಾರಪ್ಪನ ಕೈ ಕುಲುಕಿದ. "ಶಿಷ್ಯನ್ನ ಎಂಥಾ ಚೆನ್ನಾಗಿ ತಯಾರು ಮಾಡಿದೀರಿ!"

ಹುಷಾರಪ್ಪ ಒಳಗೆ ಹೋಗಿ ಅಕ್ಕನ ಕಿವಿಯ ಹತ್ತಿ ತೆಗೆದ. ಅಕ್ಕ ತಲೆ ಬಾಚಿಕೊಂಡಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ಗೋಡೆ ಹಿಡಿದು ಹೊಸ ಮೆಟ್ಟಿಲು ಇಳಿದಳು, ಒಂದು, ಎರಡು. ಕುರ್ಚಿಗಳ ಜನ ಹೋ ಎಂದರು. ಅವಳು ಯಾರ ಕಡೆಗೂ ನೋಡದೆ ಬೀದಿ ದಾಟಿ ಎದುರುಮನೆಯ ಬಾಗಿಲಿಗೆ ಹೋದಳು. ಬಾಗಿಲಿಗೆ ಬೀಗ ಹಾಕಿತ್ತು.

ಬಡಗಿಯ ಹೆಂಡತಿ ಹಿಂದಿನ ಗಲ್ಲಿಯಿಂದ ಏದುಸಿರು ಬಿಡುತ್ತ ಬಂದಳು.

"ಹೋಗಿ ಮುಕ್ಕಾಲು ಗಂಟೆ ಆಯ್ತು ಅಕ್ಕಾ. ಅವ್ರ ಮಗಳ ಊರಿನ ಆಸ್ಪತ್ರೆಗೆ, ರಾತ್ರಿಯೇ ತೀರ್ಮಾನ ಆಯ್ತಂತೆ. ಈ ಕಡೆ ದಾರಿ ಮುಚ್ಚಿತ್ತಲ್ಲ, ಹಿತ್ತಲ ಬಾಗಿಲಿಂದ ಎತ್ಕೊಂಡು ಹೋಗಿ ವ್ಯಾನಲ್ಲಿ ಮಲಗಿಸಿದ್ರು. ಅವ್ರು ನಿಮ್ಮನ್ನೇ ಕೇಳ್ತಿದ್ರು. ಸುತ್ತಿ ಬಂದು ನಿಮ್ಮ ಹಿಂಬದಿ ಕಿಟಕಿ ಕೆಳಗೆ ವ್ಯಾನ್ ನಿಲ್ಲಿ‌ಸಿ ಎರಡು ಸಲ ಕೂಗಿಸಿದ್ರು. ನೀವು ಓಗೊಡಲಿಲ್ಲ." ಆಮೇಲೆ ಹುಷಾರಪ್ಪನ ಕಡೆ ನೋಡಿ, "ಪಾಪ, ಇವ್ರಿಗೂ ಡ್ರೈವರ್ ಹೇಳಿದ್ದು ಕೇಳಿಸಿರಲ್ಲ, ಕಿವಿ ಮುಚ್ಕೊಂಡಿದ್ರು" ಎಂದಳು.

ಹುಷಾರಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೇಳದ ಪ್ರಶ್ನೆ ಅದು.

ಕತ್ತರಿಯಮ್ಮ ಹನ್ನೆರಡನೆಯ ದಿನ ತೀರಿಕೊಂಡಳೆಂದು ಫೋನು ಬಂತು. ಆ ಊರಿಗೆ ಎಂಟು ಗಂಟೆಯ ಪ್ರಯಾಣ, ಅಕ್ಕನ ಮೊಣಕಾಲಿಗೆ ಅದು ಆಗುವಂಥದ್ದಾಗಿರಲಿಲ್ಲ.

ಆ ಸಂಜೆ ಹುಷಾರಪ್ಪ ಅಕ್ಕನ ಮನೆಗೆ ಹೋಗಿ ನೆಲದ ಮೇಲೆ ಕೂತ. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಅವನು ಕೇಳಿದ. "ಅವ್ರಿಗೆ ಏನು ಹೇಳೋದಿತ್ತು ಅಕ್ಕಾ?"

"ಅದು ಅವಳಿಗೆ ಹೇಳೋದು. ನಿನಗ್ಯಾಕೆ?"

ಹುಷಾರಪ್ಪ ನೆಲದ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಹೆಕ್ಕಿ ಒಟ್ಟುಮಾಡಿದ.

"ಅಕ್ಕಾ, ನನಗೆ ಆ ಮೆಷಿನ್ ಓಡಿಸೋಕೆ ಬರಲ್ಲ. ಯಾವತ್ತೂ ಬರ್ತಿರಲಿಲ್ಲ."

"ಗೊತ್ತು" ಎಂದಳು ಅಕ್ಕ. "ಬಡಗಿ ಮೆಟ್ಟಿಲು ಬೇಡ ಅಂದ್ಯಲ್ಲ, ಅವತ್ತೇ ಗೊತ್ತಾಯ್ತು. ಎತ್ತಿ ಆಡಿಸಿದೋಳಿಗೆ ಅಷ್ಟೂ ತಿಳಿಯಲ್ವೇನೋ?"

"ಮತ್ಯಾಕೆ ಸುಮ್ಮನಿದ್ದೆ? ಆ ಮರದ ಮೆಟ್ಟಿಲು ಇಡಿಸ್ಕೋಬಹುದಿತ್ತಲ್ಲ?"

"ಬೀದಿ ಜನ ಎಲ್ಲ ನಿಂತಿದ್ರು. ಅಷ್ಟು ಜನರ ಎದುರಿಗೆ ನಿನ್ನ ಮಾತು ತೆಗೆದುಹಾಕೋಕೆ ಮನಸ್ಸು ಬರಲಿಲ್ಲ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ."

ಹುಷಾರಪ್ಪ ಅತ್ತ. ಮೂಗು ಒರೆಸಿಕೊಂಡ. ಇಷ್ಟಕ್ಕೇ ಎದ್ದು ಹೋಗಬಹುದಿತ್ತು. ಅಕ್ಕ ಕ್ಷಮಿಸಿಯೂ ಆಗಿತ್ತು.

"ಅವತ್ತು ವ್ಯಾನ್ ಡ್ರೈವರ್ ಹೇಳಿದ್ದು" ಎಂದ. "ಎದುರುಮನೆ ಅಮ್ಮನ್ನ ಕರ್ಕೊಂಡು ಹೋಗ್ಬೇಕು ಅಂದ. ನನಗೆ ಕೇಳಿಸಿತ್ತು ಅಕ್ಕಾ."

ಅಕ್ಕ ಅವನ ಕಡೆಗೆ ತಿರುಗಿದಳು.

"ಅದು ಗೊತ್ತಿರಲಿಲ್ಲ" ಎಂದಳು.

ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು. ಅಕ್ಕ ಕಿಟಕಿಯ ಹತ್ತಿರ ಹೋಗಿ ನಿಂತು, ಅವನಿಗೆ ಬೆನ್ನು ಮಾಡಿದಳು.

"ಈಗ ಹೋಗು. ನಾಳೆ ಬಾ. ಇವತ್ತು ನಿನ್ನ ಮುಖ ನೋಡೋಕೆ ನನ್ನಿಂದ ಆಗಲ್ಲ."

ಹುಷಾರಪ್ಪ ಎದ್ದು ಹೊರಗೆ ಬಂದು ಮೆಟ್ಟಿಲು ಇಳಿದ. ಎರಡೂ ಮೆಟ್ಟಿಲು ಅಳತೆಗೆ ಸರಿಯಾಗಿದ್ದವು.